ನಟ್ ಜೊತೆ ಪೈಪೂ ತಿರುಗಿದಾಗ

ಹಳೆ ಗಾಡಿ ಇಟ್ಟುಕೊಂಡವರ ಬಾಯಲ್ಲಿ ಒಂದು ಮಾತು ಆಗಾಗ ಕೇಳುತ್ತೇನೆ. "ಬ್ರೇಕ್ ಪೈಪಿನ ನಟ್ ಜಾಮ್ ಆಗಿತ್ತು. ಹೇಗೋ ಬಿಡಿಸಿದೆವು. ಪೈಪ್ ಸ್ವಲ್ಪ ತಿರುಚಿದೆ, ಆದರೆ ಲೀಕ್ ಇಲ್ಲ." ಹೇಳುವವರಿಗೆ ಅದು ಗೆದ್ದ ಕಥೆ. ಕೇಳುವ ನನಗೆ ಎದೆ ಹಾರುತ್ತದೆ. ಲೀಕ್ ಇಲ್ಲ ಅಂದರೆ ಇವತ್ತು ಇಲ್ಲ ಅಂತ ಅಷ್ಟೇ. ಒಮ್ಮೆ ತಿರುಚಿದ ಸ್ಟೀಲ್ ಪೈಪ್ ಮತ್ತೆ ಮೊದಲಿನಂತೆ ಆಗುವುದಿಲ್ಲ. ಅದು ಗಾಡಿಯ ಕೆಳಗೆ, ಯಾರೂ ಬಗ್ಗಿ ನೋಡದ ಜಾಗದಲ್ಲಿ ಇರುತ್ತದೆ. ಯಾವತ್ತು ಬಿಟ್ಟುಕೊಡುತ್ತದೆ ಅಂತ ಹೇಳಿ ಬರುವುದಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಕುಂದಾಪುರದ ಹತ್ತಿರ ಮನೆ. ಮನೆಯಲ್ಲಿ ಒಂದು ಹಳೆಯ ಓಮ್ನಿ ಇದೆ. ಅದರ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ದೊಡ್ಡದಕ್ಕೆ ಗ್ಯಾರೇಜಿಗೆ ಹೋಗಿ ಪಕ್ಕದಲ್ಲಿ ನಿಂತು ನೋಡುತ್ತೇನೆ. ಹಾಗೆ ನೋಡುತ್ತಾ ನೋಡುತ್ತಾ ಈ ಹತ್ತು ಎಂಎಂ ನಟ್ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಇಂಜಿನ್ ಬಿಚ್ಚಿದವರು, ಗೇರ್‌ಬಾಕ್ಸ್ ಇಳಿಸಿದವರು ಕೂಡ ಇದರ ಮುಂದೆ ಸೋಲುವುದನ್ನು ಕಂಡಿದ್ದೇನೆ. ಸೋತರೆ ಬೇಸರವಿಲ್ಲ. ಸೋತಿದ್ದನ್ನು ಗೆದ್ದೆವು ಅಂದುಕೊಂಡು ಗಾಡಿ ಓಡಿಸುವುದು ಇದೆಯಲ್ಲ, ಅದೇ ನನ್ನನ್ನು ಕಾಡುವುದು.

ಬಾಳೆಬರೆ ಘಾಟಿಯಲ್ಲಿ

ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಪಕ್ಕದ ಮನೆಯವರ ಓಮ್ನಿಯಲ್ಲಿ ಹೊಸನಗರದ ಕಡೆ ಒಂದು ಮದುವೆಗೆ ಹೋಗಿದ್ದೆವು. ಬರುವಾಗ ಬಾಳೆಬರೆ ಘಾಟಿ ಇಳಿಯಬೇಕು. ಗಾಡಿ ತುಂಬ ಜನ, ಹಿಂದೆ ಅಡುಗೆ ಪಾತ್ರೆ. ಮಳೆ ನಿಂತಿತ್ತು, ರಸ್ತೆ ಒದ್ದೆ. ನಾನು ಮುಂದೆ ಡ್ರೈವರ್ ಪಕ್ಕದಲ್ಲಿ. ಒಂದು ತಿರುವಿನಲ್ಲಿ ಅವರು ಬ್ರೇಕ್ ಒತ್ತಿದರು, ಆಮೇಲೆ ಇನ್ನೊಮ್ಮೆ ಒತ್ತಿದರು. ನನ್ನ ಕಡೆ ತಿರುಗದೆ ಮೆಲ್ಲಗೆ ಹೇಳಿದರು, "ಬ್ರೇಕ್ ಕೆಳಗೆ ಹೋಯ್ತು ಮಾರಾಯ." ಹಿಂದೆ ಕೂತ ಹೆಂಗಸರಿಗೆ ಕೇಳಬಾರದು ಅಂತ ಆ ಮೆಲುದನಿ. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತಂದರು. ಹ್ಯಾಂಡ್ ಬ್ರೇಕ್ ಎಳೆದರು. ಪೆಡಲ್ ಪೂರ್ತಿ ಸತ್ತಿರಲಿಲ್ಲ. ತೀರಾ ಕೆಳಗೆ ಹೋದ ಮೇಲೆ ಸ್ವಲ್ಪ ಹಿಡಿಯುತ್ತಿತ್ತು. ಗುಡ್ಡದ ಬದಿಯ ಚರಂಡಿಗೆ ಚಕ್ರ ತಾಗಿಸಿಕೊಂಡು ನಿಲ್ಲಿಸಿದರು. ಆ ಮನುಷ್ಯನ ಕೈಕಾಲು ನಡುಗಿದ್ದು ಗಾಡಿ ನಿಂತ ಮೇಲೆ.

ಮೊಬೈಲ್ ಬೆಳಕು ಹಿಡಿದು ಕೆಳಗೆ ನೋಡಿದೆ. ಎಡಗಡೆ ಹಿಂದಿನ ಚಕ್ರದ ಒಳಬದಿ ಪೂರ್ತಿ ಬ್ರೇಕ್ ಆಯಿಲ್. ಬ್ರೇಕ್ ಶೂಗಳನ್ನು ಡ್ರಮ್‌ಗೆ ಒತ್ತುವ ವೀಲ್ ಸಿಲಿಂಡರಿಗೆ ಬರುವ ಪೈಪು ನಟ್‌ನಿಂದ ಒಂದು ಬೆರಳಿನಷ್ಟು ಹಿಂದೆ ಸೀಳಿತ್ತು. ಸೀಳಿದ ಜಾಗದ ಎರಡೂ ಕಡೆ ಪೈಪಿನ ಮೈಮೇಲೆ ಓರೆಯಾದ ಗೆರೆಗಳು. ಯಾರೋ ಅದನ್ನು ಹಿಂಡಿದ್ದರು ಅಂತ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಕೇಳಿದಾಗ ಗೊತ್ತಾಯಿತು. ಮಳೆಗಾಲಕ್ಕೆ ಮೊದಲು ಆ ಚಕ್ರದ ವೀಲ್ ಸಿಲಿಂಡರ್ ಬದಲಾಯಿಸಿದ್ದರಂತೆ. ನಟ್ ಬಿಚ್ಚುವಾಗ ಪೈಪೂ ಜೊತೆಗೆ ತಿರುಗಿದೆ. ಹಿಂದಕ್ಕೆ ತಿರುಗಿಸಿ ನೇರ ಮಾಡಿ, ಹೊಸ ಸಿಲಿಂಡರಿಗೆ ಅದೇ ಪೈಪನ್ನು ಕೂರಿಸಿದ್ದಾರೆ. ಲೀಕ್ ಇರಲಿಲ್ಲ. ಊರಿನ ಸಮತಟ್ಟು ರಸ್ತೆಯಲ್ಲಿ ಎಲ್ಲ ಸರಿಯೇ ಇತ್ತು. ಘಾಟಿಯಲ್ಲಿ ಮತ್ತೆ ಮತ್ತೆ ಜೋರಾಗಿ ಒತ್ತಿದಾಗ ಬಿಟ್ಟುಹೋಯಿತು.

ನಾವು ಉಳಿದಿದ್ದು ಮಾಸ್ಟರ್ ಸಿಲಿಂಡರಿನಿಂದ, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಭಾಗದಿಂದ. ಅದರೊಳಗೆ ಎರಡು ಕೋಣೆ, ಎರಡು ಪಿಸ್ಟನ್. ಒಂದು ಕಡೆಯ ಆಯಿಲ್ ಪೂರ್ತಿ ಸೋರಿದರೂ ಇನ್ನೊಂದು ಕಡೆ ಕೆಲಸ ಮಾಡುತ್ತದೆ. ಪೆಡಲ್ ಕೆಳಗೆ ಹೋದ ಮೇಲೆ ಸ್ವಲ್ಪ ಹಿಡಿದಿದ್ದು ಅದಕ್ಕೇ. ಹ್ಯಾಂಡ್ ಬ್ರೇಕಿಗೆ ಆಯಿಲ್ ಬೇಡ, ಅದು ಕೇಬಲ್‌ನಿಂದ ಹಿಂದಿನ ಡ್ರಮ್‌ಗಳ ಶೂ ಎಳೆಯುತ್ತದೆ. ಇಂಜಿನಿಯರುಗಳು ಇಂಥ ದಿನಕ್ಕೆಂದೇ ಇದನ್ನು ಇಟ್ಟಿದ್ದಾರೆ. ಆದರೆ ಘಾಟಿಯ ತಿರುವಿನಲ್ಲಿ, ಅಷ್ಟು ಜನರನ್ನು ಕೂರಿಸಿಕೊಂಡು ಅದನ್ನು ಪರೀಕ್ಷೆ ಮಾಡುವ ಹಾಗೆ ಆಗಬಾರದಿತ್ತು.

ಹಿಡಿತ ಒಂದಲ್ಲ, ಎರಡು

ದಾವಣಗೆರೆಯಲ್ಲಿ ನನ್ನ ಭಾವ ಇದ್ದಾರೆ. ಅವರದ್ದೂ ಓಮ್ನಿ, ಹೆಚ್ಚುಕಮ್ಮಿ ನಮ್ಮ ಗಾಡಿಯ ವಯಸ್ಸೇ. ಅಲ್ಲಿ ವೀಲ್ ಸಿಲಿಂಡರ್ ಬದಲಾಯಿಸುವುದನ್ನು ನೋಡಿದ್ದೇನೆ. ಮೆಕ್ಯಾನಿಕ್ ಹತ್ತರ ಸ್ಪ್ಯಾನರ್ ಹಾಕಿ ಒಮ್ಮೆ ಎಳೆದ, ನಟ್ ಸಲೀಸಾಗಿ ಬಂತು. ನಾನು ಬಾಯಿಬಿಟ್ಟು ನೋಡಿದೆ. ಅವನಿಗೆ ನನ್ನ ಆಶ್ಚರ್ಯ ಅರ್ಥವೇ ಆಗಲಿಲ್ಲ. ಅದೇ ಕಂಪನಿ, ಅದೇ ಪೈಪ್, ಅದೇ ನಟ್. ಬೇರೆ ಇರುವುದು ಗಾಳಿ ಮತ್ತು ನೀರು ಮಾತ್ರ.

ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಆಷಾಢದಲ್ಲಿ ಅಲೆ ಎದ್ದಾಗ ಗಾಜಿನ ಮೇಲೆ ಬೀಳುವ ಹನಿ ನಾಲಿಗೆಗೆ ಉಪ್ಪು. ಅದಕ್ಕಿಂತ ಕೆಟ್ಟದ್ದು ಮೀನು ಗಾಡಿಗಳಿಂದ ರಸ್ತೆಗೆ ಸುರಿಯುವ ನೀರು. ಐಸ್ ಕರಗಿ, ಉಪ್ಪು ಮತ್ತು ಮೀನಿನ ರಸ ಸೇರಿದ ಆ ನೀರಿನಲ್ಲಿ ಬೈಕಿನವರು ಜಾರಿ ಬೀಳುವುದು ಎಲ್ಲರಿಗೂ ಗೊತ್ತು. ಅದೇ ನೀರು ಹಿಂದೆ ಬರುವ ಗಾಡಿಗಳ ಹೊಟ್ಟೆಗೆ ಚಿಮ್ಮುತ್ತದೆ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ. ಇನ್ನು ಓಮ್ನಿಯಲ್ಲೇ ಮೀನು ಸಾಗಿಸಿದವರ ಗಾಡಿಯ ಕೆಳಗೆ ಒಮ್ಮೆ ನೋಡಬೇಕು. ಚಾಸಿಗೆ ಬಳಿದ ಕಪ್ಪು ಬಣ್ಣ ಪದರ ಪದರವಾಗಿ ಏಳುತ್ತದೆ. ಉಪ್ಪು ಕಬ್ಬಿಣದ ತುಕ್ಕನ್ನು ಶುರು ಮಾಡುವುದಷ್ಟೇ ಅಲ್ಲ, ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲೂ ಅದನ್ನು ನಡೆಸುತ್ತಲೇ ಇರುತ್ತದೆ.

ಈಗ ಆ ಜೋಡಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬ್ರೇಕ್ ಪೈಪಿನ ಹೊರ ಅಳತೆ 4.75 ಎಂಎಂ. ಗೋಡೆಯ ದಪ್ಪ ಸುಮಾರು 0.7 ಎಂಎಂ. ಸ್ಟೀಲಿನ ತೆಳು ಪಟ್ಟಿಯನ್ನು ಎರಡು ಸುತ್ತು ಸುತ್ತಿ, ತಾಮ್ರದಿಂದ ಬೆಸೆದು ಈ ಪೈಪ್ ಮಾಡುತ್ತಾರೆ. ಪೈಪಿನ ತುದಿಯನ್ನು ಅಗಲ ಮಾಡಿ, ಒಳಕ್ಕೆ ಮಡಚಿ ಒಂದು ಕಾಲರ್ ಮಾಡಿರುತ್ತಾರೆ. ಅದಕ್ಕೆ ಫ್ಲೇರ್ ಅಂತಾರೆ. ನಟ್ ಈ ಪೈಪಿನ ಮೇಲೆ ಸಡಿಲವಾಗಿ ಜಾರುತ್ತಿರಬೇಕು. ಸಿಲಿಂಡರಿನ ಥ್ರೆಡ್ಡಿಗೆ ಹೋಗಿ ಬಿಗಿಯಾದಾಗ ಅದು ಫ್ಲೇರನ್ನು ಒಳಗಿನ ಸೀಟಿಗೆ ಒತ್ತುತ್ತದೆ. ಸೀಲ್ ಆಗುವುದು ಅಲ್ಲಿ. ಥ್ರೆಡ್ಡಿನಿಂದ ಸೀಲ್ ಆಗುವುದಿಲ್ಲ. ಇದನ್ನು ತಿಳಿಯದವರು ಆ ಥ್ರೆಡ್ಡಿಗೆ ಟೇಪ್ ಸುತ್ತುವುದನ್ನೂ ನೋಡಿದ್ದೇನೆ.

ಅಂದರೆ ತುಕ್ಕು ಹಿಡಿಯುವ ಜಾಗ ಎರಡು. ಒಂದು, ನಟ್‌ನ ಹೊರಗಿನ ಥ್ರೆಡ್ಡು ಸಿಲಿಂಡರಿಗೆ ಕಚ್ಚುವಲ್ಲಿ. ಇನ್ನೊಂದು, ನಟ್‌ನ ಒಳಗಿನ ತೂತು ಮತ್ತು ಪೈಪಿನ ನಡುವಿನ ಸಂದು. ಎಲ್ಲರೂ ಮೊದಲನೆಯದರ ಜೊತೆ ಜಗಳ ಆಡುತ್ತಾರೆ. ಪೈಪನ್ನು ಕೊಲ್ಲುವುದು ಎರಡನೆಯದು. ಆ ಸಂದು ಹಿಂದುಗಡೆ ತೆರೆದೇ ಇರುತ್ತದೆ. ನೀರು ಹೋಗಿ ಕೂರುತ್ತದೆ, ಒಣಗುವುದಿಲ್ಲ. ತುಕ್ಕಾದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ನೆನೆಸಿದ ಅಕ್ಕಿ ಡಬ್ಬಿಯೊಳಗೆ ಉಬ್ಬಿದ ಹಾಗೆ ಅದು ಸಂದಿನಲ್ಲಿ ಉಬ್ಬಿ ನಟ್‌ಗೂ ಪೈಪಿಗೂ ಬೆಸುಗೆ ಹಾಕಿಬಿಡುತ್ತದೆ. ಈಗ ನೀವು ನಟ್ ತಿರುಗಿಸಿದರೆ ಥ್ರೆಡ್ ಬಿಟ್ಟುಕೊಡಬಹುದು, ನಟ್ ತಿರುಗಲೂಬಹುದು. ಆದರೆ ಪೈಪೂ ಅದರ ಜೊತೆಗೇ ತಿರುಗುತ್ತದೆ. ಇನ್ನೊಂದು ತುದಿ ಆಕ್ಸಲ್ ಮೇಲೆ ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿದೆ. ನಡುವಿನ ತೆಳು ಗೋಡೆ ಹಿಂಡಿಕೊಳ್ಳುತ್ತದೆ.

ಹಾಗಾಗಿ ನಟ್ ತಿರುಗಿತು ಅನ್ನುವುದೇ ಒಳ್ಳೆ ಸುದ್ದಿಯಲ್ಲ. ಕಣ್ಣು ನಟ್ ಮೇಲಲ್ಲ, ಪೈಪಿನ ಮೇಲೆ ಇರಬೇಕು. ಪೈಪಿನ ಮೇಲೆ ಒಂದು ಚಾಕ್‌ಪೀಸ್ ಗೆರೆ ಎಳೆದುಕೊಂಡರೆ ಅದು ಅಲ್ಲಾಡಿದ್ದು ತಕ್ಷಣ ಕಾಣುತ್ತದೆ.

ಅವರು ಕತ್ತರಿಸಿದ್ದು

ನಮ್ಮ ಗಾಡಿಯ ಸರದಿ ಬಂದಾಗ ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಅಲ್ವಾ, ಆ ಹೊತ್ತಿಗೆ ಮೀನು ಸಾಗಿಸುವ ಗಾಡಿಗಳೆಲ್ಲ ಒಟ್ಟಿಗೆ ರಿಪೇರಿಗೆ ಬರುತ್ತವೆ. ಗ್ಯಾರೇಜಿನ ತಗಡಿನ ಮಾಡಿನ ಮೇಲೆ ಮಳೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಕೂಗಬೇಕು. ಬಲಗಡೆ ಹಿಂದಿನ ಚಕ್ರದ ಸಿಲಿಂಡರ್ ಸೋರುತ್ತಿತ್ತು. ಗ್ಯಾರೇಜಿನ ಅಣ್ಣ ಡ್ರಮ್ ತೆಗೆದರು. ಹುಡುಗ ವೈರ್ ಬ್ರಷ್ ಹಾಕಿ ನಟ್ ಉಜ್ಜಿದ. ಕೆಂಪು ಪುಡಿ ಉದುರಿತು. ಅಣ್ಣ ಸ್ಪ್ಯಾನರ್ ಇಟ್ಟು ಮೆಲ್ಲಗೆ ಒತ್ತಡ ಕೊಟ್ಟರು, ಪೈಪಿಗೆ ಎರಡು ಬೆರಳು ತಾಗಿಸಿಕೊಂಡೇ. ಆಮೇಲೆ ನಿಲ್ಲಿಸಿದರು.

"ಪೈಪ್ ಬರ್ತಾ ಉಂಟು ಒಟ್ಟಿಗೆ. ಕಟ್ ಮಾಡುದಾ?"

ನಾನು ಘಾಟಿಯ ಪೈಪನ್ನು ನೋಡಿದವನು. ಮಾಡಿ ಅಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಹೆಚ್ಚಿನವರು ಬೇಡ ಹೇಳ್ತಾರೆ ಮಾರಾಯ್ರೆ. ಎಣ್ಣೆ ಹಾಕಿ ನೋಡಿ, ಮೆಲ್ಲ ಆಚೆ ಈಚೆ ಮಾಡಿ ನೋಡಿ ಹೇಳ್ತಾರೆ. ಪೈಪ್ ಉಳಿಬೇಕು ಅವರಿಗೆ." ಅಷ್ಟು ಹೇಳಿ ಹುಡುಗನಿಗೆ ಹ್ಯಾಕ್ಸಾ ಬ್ಲೇಡ್ ತರಲು ಹೇಳಿದರು. ನಟ್‌ನ ಬುಡಕ್ಕೆ ಸರಿಯಾಗಿ ಪೈಪ್ ಕತ್ತರಿಸಿದರು. ಈಗ ನಟ್ ಮೇಲೆ ಪೈಪ್ ಇಲ್ಲ. ಆರು ಮೂಲೆಯ ಹತ್ತರ ಸಾಕೆಟ್ ಪೂರ್ತಿ ಕೂತಿತು. ಉದ್ದ ಹ್ಯಾಂಡಲ್ ಹಾಕಿ ಎಳೆದರು. ಒಂದು ಸಣ್ಣ ಸದ್ದು ಬಂತು, ನಟ್ ಬಿಟ್ಟಿತು. ಅಷ್ಟು ಹೊತ್ತು ಹಿಡಿದುಕೊಂಡಿದ್ದ ನಟ್ ಈಗ ಕೈಯಲ್ಲೇ ತಿರುಗಿ ಬಂತು.

ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಪೈಪ್ ಇರುವಷ್ಟು ಹೊತ್ತು ನಟ್‌ನ ಸುತ್ತ ಪೂರ್ತಿ ಹಿಡಿಯುವ ಯಾವ ಸಾಕೆಟನ್ನೂ ಹಾಕಲು ಆಗುವುದಿಲ್ಲ. ಪೈಪನ್ನು ಉಳಿಸುವ ಆಸೆಯೇ ಒಳ್ಳೆಯ ಹತ್ಯಾರನ್ನು ದೂರ ಇಡುತ್ತದೆ. ಪೈಪಿನ ಆಸೆ ಬಿಟ್ಟ ಕೂಡಲೇ ನಟ್ ಒಂದು ಸಾಮಾನ್ಯ ನಟ್ ಆಗಿಬಿಡುತ್ತದೆ. ಮುಖ್ಯ ಇನ್ನೊಂದಿದೆ. ನಟ್ ಅಷ್ಟು ತುಕ್ಕು ಹಿಡಿದಿದೆ ಅಂದರೆ ಅದರ ಪಕ್ಕದ ಪೈಪ್ ಮಾತ್ರ ಹೊಸದರಂತೆ ಇರಲು ಸಾಧ್ಯವಾ? ಕತ್ತರಿಸಿ ತೆಗೆದ ತುಂಡನ್ನು ನಾನು ಕೇಳಿ ಪಡೆದೆ. ಕ್ಲಿಪ್ ಕೂತಿದ್ದ ಜಾಗದಲ್ಲಿ ಉಗುರಿನಿಂದ ಕೆರೆದರೆ ಚಕ್ಕೆ ಬರುತ್ತಿತ್ತು. ನಟ್ ಜಾಮ್ ಆಗದೇ ಇದ್ದಿದ್ದರೆ ಆ ಪೈಪನ್ನೇ ಮತ್ತೆ ಹಾಕುತ್ತಿದ್ದೆವು.

ಎಣ್ಣೆ, ಸಮಯ, ಬೆಂಕಿ

ಎಲ್ಲ ಪೈಪನ್ನೂ ಕತ್ತರಿಸಬೇಕು ಅಂತ ನಾನು ಹೇಳುತ್ತಿಲ್ಲ. ಹೊರಗಿನಿಂದ ಚೆನ್ನಾಗಿರುವ, ಇತ್ತೀಚೆಗೆ ಹಾಕಿದ ಪೈಪನ್ನು ಉಳಿಸಲು ಪ್ರಯತ್ನ ಮಾಡಬಹುದು. ಆದರೆ ಅದಕ್ಕೊಂದು ಕ್ರಮ ಇದೆ. ಮೊದಲನೆಯದು ಸರಿಯಾದ ಸ್ಪ್ಯಾನರ್. ಸಾಮಾನ್ಯ ಓಪನ್ ಸ್ಪ್ಯಾನರ್ ನಟ್‌ನ ಎರಡು ಮುಖವನ್ನು ಮಾತ್ರ ಹಿಡಿಯುತ್ತದೆ. ಜೋರು ಕೊಟ್ಟರೆ ಬಾಯಿ ಅಗಲವಾಗಿ ಮೂಲೆಗಳು ಸವೆಯುತ್ತವೆ. ನಟ್ ಒಮ್ಮೆ ಗುಂಡಗಾಯಿತೋ, ಆಮೇಲೆ ಕಚ್ಚಿ ಹಿಡಿಯುವ ಇಕ್ಕಳ, ವೈಸ್ ಗ್ರಿಪ್ಪೇ ಗತಿ. ಫ್ಲೇರ್ ನಟ್ ಸ್ಪ್ಯಾನರ್ ಅಂತಲೇ ಬೇರೆ ಬರುತ್ತದೆ. ನೋಡಲು ರಿಂಗ್ ಸ್ಪ್ಯಾನರೇ, ಪೈಪ್ ತೂರುವಷ್ಟು ಒಂದು ಕಡೆ ಸೀಳಿರುತ್ತದೆ. ಐದು ಮೂಲೆ ಹಿಡಿಯುತ್ತದೆ. ನಮ್ಮಲ್ಲಿ ಓಡುವ ಸುಜುಕಿ ಮೂಲದ ಗಾಡಿಗಳಿಗೆ 10 ಎಂಎಂ. ಯುರೋಪಿನ ಗಾಡಿಗಳಲ್ಲಿ 11 ಸಿಗುವುದು ಜಾಸ್ತಿ. ಇದೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಗಾಡಿ ಇರುವ ಎಲ್ಲರಿಗೂ ನಾನು ಹೇಳುತ್ತೇನೆ. ಎಷ್ಟೋ ಗ್ಯಾರೇಜುಗಳಲ್ಲೂ ಇದು ಇರುವುದಿಲ್ಲ.

ಎರಡನೆಯದು ಸಮಯ. ತುಕ್ಕು ಬಿಡಿಸುವ ಎಣ್ಣೆಗಳು ಸಂದಿನೊಳಗೆ ಇಳಿಯಲು ಹೊತ್ತು ಬೇಕು. ಹೊಡೆದು ಎರಡು ನಿಮಿಷಕ್ಕೆ ಸ್ಪ್ಯಾನರ್ ಹಾಕಿದರೆ ಏನೂ ಪ್ರಯೋಜನವಿಲ್ಲ. ಹಿಂದಿನ ರಾತ್ರಿ ಹೊಡೆದು, ಬೆಳಿಗ್ಗೆ ಇನ್ನೊಮ್ಮೆ ಹೊಡೆದು, ಸಣ್ಣ ಸುತ್ತಿಗೆಯಿಂದ ನಟ್‌ನ ಮುಖಗಳಿಗೆ ಮೆಲ್ಲಗೆ ತಟ್ಟಬೇಕು. ಆ ತಟ್ಟುವಿಕೆಗೆ ತುಕ್ಕಿನ ಪದರ ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಎಣ್ಣೆ ಹೊಡೆಯುವುದು ಥ್ರೆಡ್ಡಿನ ಕಡೆಗೆ ಮಾತ್ರವಲ್ಲ, ಹಿಂದುಗಡೆ ಪೈಪ್ ನಟ್‌ನೊಳಗೆ ಹೋಗುವ ಸಂದಿಗೂ. ಆಮೇಲೆ ಬಿಚ್ಚುವ ಮೊದಲು ಒಂದು ಕೂದಲಷ್ಟು ಬಿಗಿ ಮಾಡುವ ಕಡೆ ತಿರುಗಿಸಿ ನೋಡಬೇಕು. ಸ್ವಲ್ಪ ಅಲ್ಲಾಡಿದರೆ ಸಾಕು. ಆಚೆ ಸ್ವಲ್ಪ, ಈಚೆ ಸ್ವಲ್ಪ. ಪೈಪ್ ನಿಂತಲ್ಲೇ ನಿಂತು ನಟ್ ಮಾತ್ರ ತಿರುಗಿದರೆ ನೀವು ಗೆದ್ದಿರಿ. ಗೆರೆ ಅಲ್ಲಾಡಿತೋ, ಅಲ್ಲಿಗೆ ನಿಲ್ಲಿಸಿ ಬ್ಲೇಡ್ ತೆಗೆದುಕೊಳ್ಳಿ.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ನಮ್ಮ ಕಡೆ ತುಕ್ಕು ಅಂದರೆ ಸೀಮೆಎಣ್ಣೆ, ಡೀಸೆಲ್. ಹೊರಗಡೆ ಹಚ್ಚಿದರೆ ತೊಂದರೆಯಿಲ್ಲ. ಆದರೆ ಬಿಚ್ಚಿದ ಪೈಪಿನೊಳಗೆ, ಸಿಲಿಂಡರಿನೊಳಗೆ ಅದರ ಒಂದು ಹನಿಯೂ ಹೋಗಬಾರದು. ಸಿಲಿಂಡರಿನಿಂದ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್‌ಗಳನ್ನು ಬ್ರೇಕ್ ಆಯಿಲ್‌ಗೆ ಒಗ್ಗುವಂತೆ ಮಾಡಿರುತ್ತಾರೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಅವು ಉಬ್ಬಿ ಮೆತ್ತಗಾಗುತ್ತವೆ. ಸಿಲಿಂಡರ್ ತೊಳೆಯಲು ಪೆಟ್ರೋಲ್ ಬಳಸುವವರಿದ್ದಾರೆ. ತೊಳೆಯಬೇಕಾದರೆ ಹೊಸ ಬ್ರೇಕ್ ಆಯಿಲ್‌ನಿಂದಲೇ ತೊಳೆಯಬೇಕು.

ಇನ್ನು ಬೆಂಕಿ. ಗ್ಯಾಸ್ ವೆಲ್ಡಿಂಗಿನ ಜ್ವಾಲೆ ಹಿಡಿದರೆ ಎಂಥ ನಟ್ ಕೂಡ ಬಿಡುತ್ತದೆ, ನಿಜ. ಕಾದು ಹಿಗ್ಗಿ ತಣಿಯುವಾಗ ತುಕ್ಕು ಒಡೆಯುತ್ತದೆ. ಆದರೆ ಬ್ರೇಕ್ ಆಯಿಲ್ ಉರಿಯುವ ವಸ್ತು. ಮುಚ್ಚಿದ ಪೈಪಿನೊಳಗೆ ಅದು ಕುದಿದರೆ ಬಿಸಿ ಆಯಿಲ್ ಮುಖಕ್ಕೆ ಸಿಡಿಯಬಹುದು. ಹತ್ತಿರದಲ್ಲೇ ರಬ್ಬರ್ ಹೋಸ್, ಮೇಲೆ ಪೆಟ್ರೋಲ್ ಟ್ಯಾಂಕ್. ಗ್ಯಾಸ್ ಕಿಟ್ ಹಾಕಿಸಿದ ಓಮ್ನಿಗಳಂತೂ ಎಷ್ಟು ಬೇಕಾದರೂ ಇವೆ. ಸಿಲಿಂಡರನ್ನು ಗಾಡಿಯಿಂದ ಬಿಡಿಸಿ, ಹೊರಗೆ ವೈಸಿನಲ್ಲಿ ಕಚ್ಚಿಸಿದ ಮೇಲೆ ಬೆಂಕಿಯ ಮಾತು. ಗಾಡಿಯ ಕೆಳಗೆ ಮಲಗಿಕೊಂಡು ಬೇಡವೇ ಬೇಡ. ಅಷ್ಟಕ್ಕೂ ವೀಲ್ ಸಿಲಿಂಡರನ್ನೇ ಬದಲಾಯಿಸುತ್ತಿದ್ದರೆ ಅದರ ಥ್ರೆಡ್ ಉಳಿಸಿ ಏನು ಮಾಡುವುದು? ಪೈಪ್ ಕತ್ತರಿಸಿ, ಸಿಲಿಂಡರನ್ನು ಆ ನಟ್ ಸಮೇತ ತೆಗೆದುಹಾಕಬಹುದು. ನಿಜವಾಗಿ ಕಾಪಾಡಬೇಕಾದ ಥ್ರೆಡ್ ಇರುವುದು ಪೈಪಿನ ಇನ್ನೊಂದು ತುದಿಯಲ್ಲಿ, ಆಕ್ಸಲ್ ಮೇಲಿನ ಜಾಯಿಂಟಿನಲ್ಲಿ. ಅಲ್ಲೂ ಇದೇ ಕ್ರಮ. ಬೇರೆ ದಾರಿ ಇಲ್ಲ.

ಪೈಪ್ ಕತ್ತರಿಸಿದಾಗ ಮೇಲೆ ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಆಯಿಲ್ ಎಲ್ಲ ಸೋರಿ ಹೋಗುತ್ತದೆ ಅನ್ನುವ ಭಯ ಕೆಲವರಿಗೆ. ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಕೊಟ್ಟು ಪೆಡಲನ್ನು ಸ್ವಲ್ಪ ಕೆಳಗೆ ಒತ್ತಿ ನಿಲ್ಲಿಸಿದರೆ ಸಾಕು. ಮಾಸ್ಟರ್ ಸಿಲಿಂಡರಿನೊಳಗೆ ಡಬ್ಬಿಯಿಂದ ಬರುವ ತೂತು ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿನ ಅಣ್ಣ ಇದಕ್ಕೆಂದೇ ಒಂದು ಬಿದಿರಿನ ತುಂಡು ಇಟ್ಟುಕೊಂಡಿದ್ದಾರೆ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು.

ಹೊಸ ಪೈಪ್ ಅಂದರೆ ಯಾವ ಪೈಪ್

ಅಂಗಡಿಯಲ್ಲಿ ನಟ್ ಸಮೇತ, ಎರಡೂ ತುದಿಗೆ ಫ್ಲೇರ್ ಮಾಡಿದ ರೆಡಿ ಪೈಪ್ ಸಿಗುತ್ತದೆ. ಓಮ್ನಿ ನಿಲ್ಲಿಸಿದ್ದು 2019ರಲ್ಲಿ, ಅದಕ್ಕೂ ಮೊದಲು ಮೂವತ್ತೈದು ವರ್ಷ ಓಡಿದ ಗಾಡಿ. ಬಿಡಿಭಾಗಕ್ಕೆ ಸದ್ಯ ಕೊರತೆಯಿಲ್ಲ. ಬೆಲೆ ಕೆಲವು ನೂರು ರೂಪಾಯಿ. ಇದನ್ನೇ ಹಾಕುವುದು ಒಳ್ಳೆಯದು. ಆದರೂ ಒಂದು ಅಡ್ಡದಾರಿ ನಮ್ಮಲ್ಲಿ ಬಳಕೆಯಲ್ಲಿದೆ. ಫ್ರಿಜ್, ಎಸಿ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಪೈಪ್ ತಂದು, ತುದಿಯನ್ನು ಒಂದೇ ಸಲ ಅಗಲ ಮಾಡಿ ಹಾಕಿಬಿಡುವುದು. ತಾಮ್ರ ತುಕ್ಕು ಹಿಡಿಯುವುದಿಲ್ಲ ಅಲ್ವಾ ಅನ್ನುತ್ತಾರೆ. ತಾಮ್ರಕ್ಕೆ ಕೆಂಪು ತುಕ್ಕು ಬರುವುದಿಲ್ಲ ನಿಜ. ಆದರೆ ಅದು ಮೆದು. ಅಲುಗಾಟಕ್ಕೆ ಸಿಕ್ಕಿ ಸಿಕ್ಕಿ ಗಟ್ಟಿಯಾಗುತ್ತಾ ಹೋಗಿ ಒಂದು ದಿನ ಬಿರುಕು ಬಿಡುತ್ತದೆ. ಎಸಿ ಪೈಪನ್ನು ಬ್ರೇಕಿಗೆಂದು ಮಾಡಿದ್ದಲ್ಲ. ಟೈರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಒತ್ತಡ ಬ್ರೇಕ್ ಪೈಪಿನೊಳಗೆ ಇರುತ್ತದೆ. ಒಂದೇ ಮಡಿಕೆಯ ಫ್ಲೇರ್ ಇದಕ್ಕೆ ಸಾಲದು. ಬ್ರೇಕಿಗೆ ಎರಡು ಮಡಿಕೆಯದ್ದೇ ಬೇಕು. ಅದನ್ನು ಮಾಡಲು ಬೇರೆ ಟೂಲ್, ಕೈಗೆ ಅಭ್ಯಾಸ ಎರಡೂ ಬೇಕು.

ತುಕ್ಕಿಗೆ ನಿಜವಾದ ಉತ್ತರ ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಪೈಪ್. ಸುಮಾರು ತೊಂಬತ್ತು ಪಾಲು ತಾಮ್ರ, ಹತ್ತು ಪಾಲು ನಿಕ್ಕಲ್, ಜೊತೆಗೆ ಸ್ವಲ್ಪ ಕಬ್ಬಿಣ, ಮ್ಯಾಂಗನೀಸ್. ಹಡಗುಗಳಲ್ಲಿ ಸಮುದ್ರದ ನೀರು ಹರಿಸಲು ಬಳಸುವ ಜಾತಿಯದ್ದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಸ್ವೀಡನ್‌ನಲ್ಲಿ ವೋಲ್ವೋ ಕಂಪನಿ 1976ರಲ್ಲೇ ತನ್ನ ಕಾರುಗಳಿಗೆ ಇದನ್ನು ಹಾಕಲು ಶುರು ಮಾಡಿತು. ನಮ್ಮ ಕರಾವಳಿಯ ಗಾಡಿಗಳಿಗೂ ಅದೇ ಉಪ್ಪಿನ ಕಾಟ. ನಮ್ಮ ರಸ್ತೆಯಲ್ಲಂತೂ ಅದು ವರ್ಷಪೂರ್ತಿ ಇದೆ. ಆದರೂ ಕುಂದಾಪುರದ ಬಿಡಿಭಾಗದ ಅಂಗಡಿಗಳಲ್ಲಿ ಈ ಪೈಪ್ ಕೇಳಿದರೆ ನನಗೆ ಸಿಕ್ಕಿಲ್ಲ. ಕೇಳುವವರು ಜಾಸ್ತಿಯಾದರೆ ತರಿಸುತ್ತಾರೆ. ಹಾಗಾಗಿ ಹೋದಾಗಲೆಲ್ಲ ಕೇಳುತ್ತಾ ಇದ್ದೇನೆ.

ಸ್ಟೀಲ್ ಪೈಪೇ ಹಾಕಿದರೂ ಮುಂದಿನ ಸಲ ಸುಲಭ ಆಗುವಂತೆ ಮಾಡಬಹುದು. ನಟ್‌ನ ಹಿಂದೆ ಪೈಪಿನ ಮೇಲೆ ಸ್ವಲ್ಪ ಬ್ರೇಕ್ ರಬ್ಬರ್ ಗ್ರೀಸ್ ಹಚ್ಚಿ, ನಟ್‌ನ ಒಳಗಿನ ಸಂದಿಗೂ ತುಂಬಬೇಕು. ಫ್ಲೇರಿನ ಮುಖಕ್ಕೆ ಮಾತ್ರ ತಾಗಬಾರದು. ಪ್ರತಿ ಮಳೆಗಾಲ ಮುಗಿದ ಮೇಲೆ ಸಿಹಿನೀರಿನಲ್ಲಿ ಗಾಡಿಯ ಕೆಳಗೆ ಚೆನ್ನಾಗಿ ತೊಳೆದು, ಒಣಗಿದ ಮೇಲೆ ಮತ್ತೆ ಹಚ್ಚಬೇಕು. ಬಾಡಿ ಮಿನುಗುವ ಹಾಗೆ ತೊಳೆಯುವ ನಾವು ಕೆಳಗಡೆ ನೀರಿನ ಪೈಪ್ ಹಿಡಿಯುವುದೇ ಇಲ್ಲ. ಉಪ್ಪು ಇರುವುದು ಅಲ್ಲಿ.

ಕತ್ತರಿಸಿ ಅಂತ ಯಾರು ಹೇಳಬೇಕು

ಘಾಟಿಯ ಘಟನೆಯಾದ ಮೇಲೆ ನನಗೆ ಪಕ್ಕದ ಮನೆಯವರ ಗಾಡಿಗೆ ಸಿಲಿಂಡರ್ ಹಾಕಿದ ಗ್ಯಾರೇಜಿನವರ ಮೇಲೆ ಸಿಟ್ಟು ಬಂದಿತ್ತು. ಈಗಲೂ ಅವರು ಮಾಡಿದ್ದು ತಪ್ಪು ಅಂತಲೇ ಹೇಳುತ್ತೇನೆ. ಆದರೆ ನಮ್ಮ ಗ್ಯಾರೇಜಿನ ಅಣ್ಣ ಅವತ್ತು ಹೇಳಿದ ಮಾತು ಮನಸ್ಸಿನಲ್ಲಿ ಉಳಿದುಹೋಯಿತು. ಹೆಚ್ಚಿನವರು ಬೇಡ ಹೇಳುತ್ತಾರೆ. ಸಿಲಿಂಡರ್ ಬದಲಾಯಿಸಲು ಬಂದವರಿಗೆ ಪೈಪಿನ ಖರ್ಚನ್ನೂ ಹೇಳಿದರೆ, ಸುಮ್ನೆ ಬಿಲ್ ಏರಿಸುತ್ತಿದ್ದಾರೆ ಅನ್ನುವ ಅನುಮಾನ. ರಾತ್ರಿ ಎಣ್ಣೆ ಹಾಕಿ ಬಿಡಬೇಕು, ನಾಳೆ ಬನ್ನಿ ಅಂದರೆ ಸಂಜೆ ಬಾಡಿಗೆ ಇದೆ, ಈಗಲೇ ಮುಗಿಸಿಕೊಡಿ ಅನ್ನುವ ಅವಸರ. ಓಮ್ನಿ ಇಟ್ಟುಕೊಂಡವರು ಯಾರು? ಶಾಲೆ ಮಕ್ಕಳನ್ನು ಬಿಡುವವರು, ತರಕಾರಿ ಮಾರುವವರು, ಅಡುಗೆ ಕಾಂಟ್ರಾಕ್ಟಿನವರು. ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆ ಹೋಯಿತು. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಆ ಅವಸರದ ಭಾರವೆಲ್ಲ ಬೀಳುವುದು ಸ್ಪ್ಯಾನರ್ ಹಿಡಿದವನ ಕೈ ಮೇಲೆ. ಅಲ್ಲಿಂದ ಅದು ಪೈಪಿನ ಮೇಲೆ.

ನಮ್ಮಲ್ಲಿ ವಸ್ತುಗಳನ್ನು ಉಳಿಸಿ ಬಳಸುವ ಒಳ್ಳೆಯ ಬುದ್ಧಿ ಇದೆ. ನಾನೂ ಅದೇ ಬುದ್ಧಿಯವನು, ಇಲ್ಲದಿದ್ದರೆ ಇಷ್ಟು ಹಳೆಯ ಗಾಡಿ ಯಾಕೆ ಇಟ್ಟುಕೊಳ್ಳುತ್ತಿದ್ದೆ? ಸೀಟು ಹರಿದರೆ ಹೊಲಿಸುತ್ತೇನೆ, ಬಾಗಿಲು ಕೊಳೆತರೆ ತಗಡು ಹಾಕಿಸುತ್ತೇನೆ. ಆದರೆ ಬ್ರೇಕ್ ಪೈಪ್ ಆ ಸಾಲಿಗೆ ಸೇರುವುದಿಲ್ಲ. ಅದನ್ನು ಉಳಿಸಿದರೆ ಉಳಿಯುವುದು ಕೆಲವು ನೂರು ರೂಪಾಯಿ. ಪಣಕ್ಕೆ ಇಟ್ಟಿದ್ದು ಹಿಂದೆ ಕೂತ ಮಕ್ಕಳನ್ನು. ಖಾಸಗಿ ಗಾಡಿಗಳಿಗೆ ಹದಿನೈದು ವರ್ಷ ಆದ ಮೇಲೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸಲು ಹೋಗುತ್ತೇವೆ. ಆಗ ಬಣ್ಣ ಹೊಡೆಸುತ್ತೇವೆ, ಲೈಟು ಸರಿ ಮಾಡಿಸುತ್ತೇವೆ. ಅದೇ ಹೊತ್ತಿಗೆ ನಾಲ್ಕೂ ಚಕ್ರದ ಪೈಪ್ ನೋಡಿ, ತುಕ್ಕಾಗಿದ್ದನ್ನು ಬದಲಾಯಿಸಿ ಅಂತ ನಾವೇ ಹೇಳಿದರೆ ಎಷ್ಟು ಒಳ್ಳೆಯದು.

ಅದಕ್ಕೇ ಈಗ ಯಾರಾದರೂ ಹಿಂದಿನ ಬ್ರೇಕ್ ಕೆಲಸಕ್ಕೆ ಗಾಡಿ ಬಿಡಲು ಹೊರಟರೆ ನಾನು ಅವರಿಗೆ ಹೇಳುವುದು ಇಷ್ಟು. ಮೊದಲೇ ಹೊಸ ಪೈಪ್ ಖರೀದಿಸಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬೇಡವಾದರೆ ವಾಪಸ್ ಕೊಡಬಹುದು. ಸಂಜೆ ಬಿಟ್ಟು, ರಾತ್ರಿ ಎಣ್ಣೆ ಹಾಕಿಡಲು ಹೇಳಿ. "ನಟ್ ಬರದಿದ್ದರೆ ಎಳೆಯಬೇಡಿ, ಕಟ್ ಮಾಡಿ, ಪೈಪ್ ಇಲ್ಲಿದೆ" ಅಂತ ಬಾಯಿಬಿಟ್ಟು ಹೇಳಿ. ಹಾಗೆ ಹೇಳಿದಾಗ ಮೆಕ್ಯಾನಿಕ್‌ನ ಮುಖ ಸಡಿಲವಾಗುವುದನ್ನು ನಾನು ನೋಡಿದ್ದೇನೆ. ಅವರಿಗೂ ತಿರುಚಿದ ಪೈಪ್ ಹಾಕಿ ಕಳಿಸುವ ಆಸೆ ಇರುವುದಿಲ್ಲ. ಹಳೆ ಪೈಪ್ ಬೇಡ ಅನ್ನುವ ಧೈರ್ಯ ಗಿರಾಕಿಯಿಂದ ಬರಬೇಕು, ಅಷ್ಟೇ.

ಕೆಲಸ ಮುಗಿದ ಮೇಲೆ ಅಲ್ಲಿಂದ ಹೊರಡುವ ಮೊದಲು ಹತ್ತು ನಿಮಿಷ ನಿಲ್ಲಿ. ಪೈಪಿನೊಳಗೆ ಸೇರಿದ ಗಾಳಿ ತೆಗೆದಾದ ಮೇಲೆ ಡಬ್ಬಿಗೆ ಹೊಸದಾಗಿ ಒಡೆದ ಡಬ್ಬದ ಆಯಿಲ್ಲನ್ನೇ ಹಾಕಿಸಿ. ಅರ್ಧ ಖಾಲಿಯಾಗಿ ಶೆಲ್ಫಿನಲ್ಲಿ ಕೂತಿದ್ದು ನಮ್ಮ ಹವೆಯಲ್ಲಿ ತೇವ ಹೀರಿಕೊಂಡಿರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕು. ತೇವ ಸೇರಿದ ಮೇಲೆ ಅದರ ಲೆಕ್ಕ 140ಕ್ಕೆ ಇಳಿಯುತ್ತದೆ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಒಬ್ಬರು ಪೆಡಲನ್ನು ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಒತ್ತಿ ಹಿಡಿಯಲಿ. ಇನ್ನೊಬ್ಬರು ಟಾರ್ಚ್ ಹಿಡಿದು ಪೈಪಿನ ಎರಡೂ ತುದಿಯ ನಟ್ ನೋಡಲಿ, ಒಣ ಬಟ್ಟೆಯಿಂದ ಒರೆಸಿ ಮತ್ತೆ ನೋಡಲಿ. ಹೊಸ ಪೈಪ್ ಆಕ್ಸಲ್‌ಗೆ ಎಲ್ಲೂ ಉಜ್ಜುತ್ತಿಲ್ಲ, ಎಲ್ಲ ಕ್ಲಿಪ್ಪೂ ವಾಪಸ್ ಕೂತಿದೆ ಅಂತಲೂ ನೋಡಿ. ಒಂದು ವಾರ ಊರಲ್ಲೇ ಓಡಿಸಿ, ಇನ್ನೊಮ್ಮೆ ಬಗ್ಗಿ ನೋಡಿ. ಘಾಟಿ ಇಳಿಯುವುದು ಆಮೇಲೆ.